ವಾರ್ಡ್ ಒಪ್ಪಿಸುವ ಮುನ್ನ: ನೋಂದಾಯಿತ ನರ್ಸ್ ಹುದ್ದೆಯ ಸಂದರ್ಶನಕ್ಕೆ ಸಿದ್ಧತೆ

ನೋಂದಾಯಿತ ನರ್ಸ್ ಹುದ್ದೆಯ ಸಂದರ್ಶನದಲ್ಲಿ ಆಸ್ಪತ್ರೆಯವರು ತಿಳಿಯಬಯಸುವುದು ಮುಖ್ಯವಾಗಿ ಒಂದೇ ಸಂಗತಿ: ಈ ಅಭ್ಯರ್ಥಿಯ ಕೈಗೆ ರಾತ್ರಿ ಪಾಳಿಯ ವಾರ್ಡನ್ನು ಒಪ್ಪಿಸಿ ನಿಶ್ಚಿಂತೆಯಿಂದ ಇರಬಹುದೇ? ಮೇಜಿನ ಆಚೆ ಸಾಮಾನ್ಯವಾಗಿ ನರ್ಸಿಂಗ್ ಸೂಪರಿಂಟೆಂಡೆಂಟ್, ಎಚ್‌ಆರ್ ವಿಭಾಗದವರೊಬ್ಬರು, ಕೆಲವೆಡೆ ಆಯಾ ವಿಭಾಗದ ಇನ್‌ಚಾರ್ಜ್ ಸಿಸ್ಟರ್ ಅಥವಾ ಸೋಂಕು ನಿಯಂತ್ರಣದ ನರ್ಸ್ ಕುಳಿತಿರುತ್ತಾರೆ. ಪರೀಕ್ಷೆಯಲ್ಲಿ ಬಂದ ಅಂಕ ಅವರ ಮುಂದಿನ ಕಾಗದದಲ್ಲೇ ಇರುತ್ತದೆ. ಅವರು ಕೇಳುವ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ರೋಗಿಯ ಸುರಕ್ಷತೆಗೇ ಬಂದು ನಿಲ್ಲುತ್ತವೆ. ಆದ್ದರಿಂದ ಸಿದ್ಧತೆಯೂ ಅಲ್ಲಿಂದಲೇ ಶುರುವಾಗಬೇಕು.

ಎಲ್ಲ ನರ್ಸಿಂಗ್ ಹುದ್ದೆಗಳಿಗೂ ಸಂದರ್ಶನ ಇರುವುದಿಲ್ಲ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಹುದ್ದೆಗಳಿಗೂ ಗ್ರೂಪ್ ಬಿಯ ಗೆಜೆಟೆಡ್ ಅಲ್ಲದ ಹುದ್ದೆಗಳಿಗೂ ಸಂದರ್ಶನವನ್ನು ಕೈಬಿಟ್ಟಿದೆ. ಏಮ್ಸ್ ಸಂಸ್ಥೆಗಳ ನರ್ಸಿಂಗ್ ಆಫೀಸರ್ ನೇಮಕಾತಿ ನಾರ್ಸೆಟ್ ಎಂಬ ಕಂಪ್ಯೂಟರ್ ಪರೀಕ್ಷೆಯ ಮೇಲೆ ನಡೆಯುತ್ತದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಜಿಲ್ಲೆಗಳಲ್ಲಿ ಕರೆಯುವ ಗುತ್ತಿಗೆ ಹುದ್ದೆಗಳ ‘ನೇರ ಸಂದರ್ಶನ’ದಲ್ಲಿ ದಾಖಲೆ ಪರಿಶೀಲನೆ, ಅಂಕ ಮತ್ತು ಮೀಸಲಾತಿ ರೋಸ್ಟರ್‌ಗೆ ಹೆಚ್ಚು ತೂಕ. ಅಲ್ಲಿಗೆ ಹೋಗುವವರು ಜಾತಿ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ 371ಜೆ ಅರ್ಹತಾ ಪತ್ರ ಇವುಗಳಲ್ಲಿ ಅಧಿಸೂಚನೆ ಕೇಳಿದ್ದನ್ನೆಲ್ಲ ಮೊದಲೇ ಮಾಡಿಸಿಟ್ಟುಕೊಂಡಿರಬೇಕು. ನಿಜವಾದ ಅರ್ಥದ ಸಂದರ್ಶನ ನಡೆಯುವುದು ಖಾಸಗಿ ಆಸ್ಪತ್ರೆಗಳಲ್ಲಿ, ಟ್ರಸ್ಟ್ ಮತ್ತು ಮಿಷನ್ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳಲ್ಲಿ. ದೊಡ್ಡ ಆಸ್ಪತ್ರೆಗಳಲ್ಲಿ ಮೊದಲು ಅರ್ಧ ಗಂಟೆಯ ಲಿಖಿತ ಪರೀಕ್ಷೆ, ಆಮೇಲೆ ಮಾತಿನ ಸಂದರ್ಶನ, ಕೆಲವೊಮ್ಮೆ ಗೊಂಬೆಯ ಮೇಲೆ ಕೈಕೆಲಸದ ಪರೀಕ್ಷೆ ಎಂದು ಮೂರು ಹಂತಗಳಿರುತ್ತವೆ.

ದಾಖಲೆಗಳ ಫೈಲು

ಮೊದಲ ದಾಖಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ. ಮೂರು ವರ್ಷದ ಜಿಎನ್‌ಎಂ ಮುಗಿಸಿದವರಿಗೂ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರಿಗೂ ನೋಂದಾಯಿತ ನರ್ಸ್, ನೋಂದಾಯಿತ ಮಿಡ್‌ವೈಫ್ ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ನೋಂದಣಿ ಇಲ್ಲದೆ ರೋಗಿಗೆ ಕೈಹಚ್ಚುವಂತಿಲ್ಲ. ಆದ್ದರಿಂದ ಫಲಿತಾಂಶ ಬಂದ ಕೂಡಲೇ ಅರ್ಜಿ ಹಾಕಬೇಕು. ನೋಂದಣಿ ಇನ್ನೂ ಕೈಸೇರದಿದ್ದರೆ ಅರ್ಜಿಯ ಸ್ವೀಕೃತಿಯನ್ನಾದರೂ ತೋರಿಸಿ ವಿಷಯವನ್ನು ನೇರವಾಗಿ ಹೇಳಬೇಕು. ಹಳಬರು ನವೀಕರಣದ ದಿನಾಂಕ ನೋಡಿಕೊಳ್ಳಬೇಕು. ಬೇರೆ ರಾಜ್ಯದಲ್ಲಿ ಓದಿ ಬಂದವರು ಅಲ್ಲಿನ ಕೌನ್ಸಿಲ್ಲಿನಿಂದ ನಿರಾಕ್ಷೇಪಣಾ ಪತ್ರ ಪಡೆದು ನೋಂದಣಿಯನ್ನು ಇಲ್ಲಿಗೆ ತರಿಸಿಕೊಳ್ಳಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ರಾಷ್ಟ್ರೀಯ ದಾಖಲೆಯಲ್ಲಿ ಸಿಗುವ ಎನ್‌ಯುಐಡಿ ಸಂಖ್ಯೆಯನ್ನೂ ಈಗ ಹಲವು ಆಸ್ಪತ್ರೆಗಳು ಕೇಳುತ್ತವೆ.

ಇದರ ಜೊತೆಗೆ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡ್, ವಿಶ್ವವಿದ್ಯಾಲಯ ಅಥವಾ ಡಿಪ್ಲೊಮಾ ಪರೀಕ್ಷಾ ಮಂಡಳಿಯ ಎಲ್ಲ ಅಂಕಪಟ್ಟಿಗಳು, ಕೋರ್ಸ್ ಮುಗಿಸಿದ ಪತ್ರ, ಆಧಾರ್, ಫೋಟೊ, ಬಿಎಲ್‌ಎಸ್ ತರಬೇತಿ ಆಗಿದ್ದರೆ ಅದರ ಕಾರ್ಡ್. ಬಿಎಲ್‌ಎಸ್ ಕಾರ್ಡಿನ ಅವಧಿ ಎರಡು ವರ್ಷ ಮಾತ್ರ. ಹಿಂದೆ ಕೆಲಸ ಮಾಡಿದವರಿಗೆ ಅನುಭವ ಪ್ರಮಾಣಪತ್ರ ಮತ್ತು ರಿಲೀವಿಂಗ್ ಲೆಟರ್ ಎರಡೂ ಬೇಕು. ಅನುಭವ ಪತ್ರದಲ್ಲಿ ‘ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದ್ದಾರೆ’ ಎಂದಷ್ಟೇ ಇದ್ದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಯಾವ ವಿಭಾಗ, ಎಷ್ಟು ಹಾಸಿಗೆ, ಯಾವ ದಿನದಿಂದ ಯಾವ ದಿನದವರೆಗೆ ಎಂಬುದು ಅದರಲ್ಲಿ ಕಾಣಬೇಕು. ಮುಂದೆ ವಿದೇಶಕ್ಕೆ ಹೋಗುವ ಆಲೋಚನೆ ಇದ್ದವರಿಗಂತೂ ಈ ಪತ್ರವೇ ಆಧಾರ. ಕೊಲ್ಲಿ ದೇಶಗಳ ಲೈಸೆನ್ಸ್ ಕೊಡುವವರು ಪ್ರತಿಯೊಂದು ದಾಖಲೆಯನ್ನೂ ಅದನ್ನು ಕೊಟ್ಟ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳುತ್ತಾರೆ.

ಹೆಸರಿನ ತಕರಾರು ನಮ್ಮ ಕಡೆ ಹೆಚ್ಚು. ಎಸ್‌ಎಸ್‌ಎಲ್‌ಸಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ, ನೋಂದಣಿಯಲ್ಲಿ ಊರಿನ ಅಕ್ಷರವೇ ಇಲ್ಲ, ಮದುವೆಯ ನಂತರ ಇನ್ನೊಂದು ಹೆಸರು. ಎಲ್ಲ ದಾಖಲೆಗಳನ್ನೂ ಒಟ್ಟಿಗೆ ಹರಡಿಕೊಂಡು ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಕೆಲಸವನ್ನು ಸಂದರ್ಶನದ ಹಿಂದಿನ ರಾತ್ರಿಗೆ ಉಳಿಸಿಕೊಳ್ಳಬಾರದು. ವ್ಯತ್ಯಾಸ ಇದ್ದರೆ ಅಫಿಡವಿಟ್ ಜೊತೆಗಿರಲಿ. ಒರಿಜಿನಲ್ ದಾಖಲೆಗಳನ್ನು ತೋರಿಸಿ ವಾಪಸ್ ಪಡೆಯಬೇಕು. ಆಸ್ಪತ್ರೆಗೆ ಕೊಡಬೇಕಾದದ್ದು ಸಹಿ ಮಾಡಿದ ಜೆರಾಕ್ಸ್ ಪ್ರತಿಗಳನ್ನು ಮಾತ್ರ.

ಬಯೋಡೇಟಾ ಒಂದೂವರೆ ಪುಟ ಮೀರುವ ಅಗತ್ಯವಿಲ್ಲ. ಆಗಷ್ಟೇ ಓದು ಮುಗಿಸಿದವರು ‘ಅನುಭವ ಇಲ್ಲ’ ಎಂದು ಬರೆದು ಸುಮ್ಮನಾಗುವುದು ದೊಡ್ಡ ನಷ್ಟ. ಕ್ಲಿನಿಕಲ್ ಪೋಸ್ಟಿಂಗ್‌ನ ಲಾಗ್‌ಬುಕ್ಕಿನಲ್ಲಿ ಎಷ್ಟು ಹೆರಿಗೆ ನೋಡಿದ್ದು, ಎಷ್ಟಕ್ಕೆ ಕೈಜೋಡಿಸಿದ್ದು, ಎಷ್ಟು ಕ್ಯಾಥೆಟರ್ ಹಾಕಿದ್ದು ಎಂಬ ಲೆಕ್ಕ ಮೇಲ್ವಿಚಾರಕರ ಸಹಿಯೊಂದಿಗೆ ಇರುತ್ತದೆ. ಅದೇ ಅವರ ಅನುಭವ. ಅದನ್ನು ವಿಭಾಗವಾರು ಬಯೋಡೇಟಾದಲ್ಲಿ ಬರೆಯಬೇಕು. ಬರೆದ ಪ್ರತಿಯೊಂದರ ಮೇಲೂ ಪ್ರಶ್ನೆ ಬರುತ್ತದೆ ಎಂಬುದು ನೆನಪಿರಲಿ; ವೆಂಟಿಲೇಟರ್ ನೋಡಿಕೊಂಡಿದ್ದೇನೆ ಎಂದು ಬರೆದವರನ್ನು ಅದರ ಅಲಾರಂಗಳ ಬಗ್ಗೆ ಕೇಳದೆ ಬಿಡುವುದಿಲ್ಲ.

ಓದಿಕೊಳ್ಳಬೇಕಾದದ್ದು

ನಾಲ್ಕು ವರ್ಷದ ಪಠ್ಯವನ್ನೆಲ್ಲ ಒಂದು ವಾರದಲ್ಲಿ ಮತ್ತೆ ಓದಲು ಹೊರಟರೆ ಯಾವುದೂ ಕೈಗೆ ಹತ್ತುವುದಿಲ್ಲ. ದಿನನಿತ್ಯದ ಕೆಲಸಕ್ಕೆ ಬೇಕಾಗುವ, ತಪ್ಪಿದರೆ ರೋಗಿಗೆ ಅಪಾಯವಾಗುವ ವಿಷಯಗಳನ್ನು ಮೊದಲು ಹಿಡಿಯಬೇಕು. ಸಾಮಾನ್ಯ ಮೌಲ್ಯಗಳು ತಡವರಿಸದೆ ಬರಬೇಕು: ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20, ರಕ್ತದ ಸೋಡಿಯಂ 135ರಿಂದ 145, ಪೊಟ್ಯಾಸಿಯಂ 3.5ರಿಂದ 5, ಮೂತ್ರ ಗಂಟೆಗೆ ಪ್ರತಿ ಕೆ.ಜಿ. ತೂಕಕ್ಕೆ ಕನಿಷ್ಠ ಅರ್ಧ ಮಿ.ಲೀ. ಐಸಿಯುಗೆ ಹೋಗುವವರಿಗೆ ಎಬಿಜಿ ವರದಿಯ ಪಿಎಚ್ 7.35ರಿಂದ 7.45, ಇಂಗಾಲದ ಡೈಆಕ್ಸೈಡ್ 35ರಿಂದ 45, ಬೈಕಾರ್ಬನೇಟ್ 22ರಿಂದ 26 ಎಂಬುದೂ ಬೇಕು. ಅಂಕಿ ಹೇಳಿದ ಮೇಲೆ ‘ಅದು ತಪ್ಪಿದ್ದರೆ ಏನು ಮಾಡುತ್ತೀರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪೊಟ್ಯಾಸಿಯಂ 6.5 ಎಂದು ಲ್ಯಾಬಿನಿಂದ ಫೋನ್ ಬಂದರೆ ಕೇಸ್ ಶೀಟಿನಲ್ಲಿ ಬರೆದಿಟ್ಟು ಬೆಳಗಿನ ರೌಂಡ್ಸ್‌ಗೆ ಕಾಯುವಂತಿಲ್ಲ. ಮಾನಿಟರ್ ಹಾಕಿ, ಇಸಿಜಿ ತೆಗೆದು, ಆ ಕ್ಷಣವೇ ವೈದ್ಯರಿಗೆ ತಿಳಿಸಬೇಕು.

ಸೋಂಕು ನಿಯಂತ್ರಣದ ಪ್ರಶ್ನೆ ತಪ್ಪದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕೈ ಶುಚಿಯ ಐದು ಸಂದರ್ಭಗಳಿವು: ರೋಗಿಯನ್ನು ಮುಟ್ಟುವ ಮುನ್ನ, ನಿರ್ಜಂತುಕ ಕೆಲಸಕ್ಕೆ ಮುನ್ನ, ದೇಹದ್ರವ ತಾಗಿರಬಹುದಾದ ನಂತರ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ. ಐದನೆಯದು ಬಿಟ್ಟುಹೋಗುವ ಸಂಭವ ಹೆಚ್ಚು. ಮಂಚದ ಪಕ್ಕದ ಸರಳು ಮುಟ್ಟಿದರೂ ಅದು ಅನ್ವಯಿಸುತ್ತದೆ. ಹ್ಯಾಂಡ್‌ರಬ್‌ಗೆ 20ರಿಂದ 30 ಸೆಕೆಂಡು, ಸೋಪು ನೀರಿಗೆ 40ರಿಂದ 60 ಸೆಕೆಂಡು. ಕೆಲವೆಡೆ ಅಲ್ಲೇ ಕೈ ಉಜ್ಜಿ ತೋರಿಸಲು ಹೇಳುತ್ತಾರೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಬಣ್ಣಗಳನ್ನು ಬಾಯಿಪಾಠ ಮಾಡುವ ಬದಲು ಕೈಯಲ್ಲಿರುವ ವಸ್ತುವಿನಿಂದ ಯೋಚಿಸುವುದು ಒಳ್ಳೆಯದು. ಡ್ರಿಪ್ ಮುಗಿಯಿತು ಎನ್ನೋಣ. ಐವಿ ಸೆಟ್ಟಿನ ಟ್ಯೂಬ್ ಮತ್ತು ಪ್ಲಾಸ್ಟಿಕ್ ಬಾಟಲಿ ಕೆಂಪಿಗೆ, ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ, ಒಡೆದ ಗಾಜಿನ ಆಂಪ್ಯೂಲ್ ನೀಲಿಗೆ, ರಕ್ತ ಒರೆಸಿದ ಹತ್ತಿ ಹಳದಿಗೆ, ಬಿಚ್ಚಿದ ಗ್ಲೌಸ್ ಕೆಂಪಿಗೆ. ಒಂದೇ ಟ್ರೇಯಿಂದ ನಾಲ್ಕೂ ಬಣ್ಣಗಳು ಬರುತ್ತವೆ. ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದು. ಅಕಸ್ಮಾತ್ ಚುಚ್ಚಿಕೊಂಡರೆ ಹಿಂಡದೆ ಸೋಪು ನೀರಿನಲ್ಲಿ ತೊಳೆದು, ಕೂಡಲೇ ವರದಿ ಮಾಡಬೇಕು. ಎಚ್‌ಐವಿ ತಡೆಯ ಔಷಧ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ಮೀರಬಾರದು, 28 ದಿನ ತೆಗೆದುಕೊಳ್ಳಬೇಕು.

ವಯಸ್ಕರ ಸಿಪಿಆರ್‌ನಲ್ಲಿ 30 ಒತ್ತು, 2 ಉಸಿರು. ನಿಮಿಷಕ್ಕೆ 100ರಿಂದ 120 ಒತ್ತು. 5ರಿಂದ 6 ಸೆಂ.ಮೀ. ಆಳ, ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡುವುದು. ಹೃದಯ ನಿಂತ ಸಂದರ್ಭದಲ್ಲಿ ಅಡ್ರಿನಲಿನ್ 1 ಮಿ.ಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ. ಕ್ರ್ಯಾಶ್ ಕಾರ್ಟ್‌ನಲ್ಲಿ ಏನೇನಿರಬೇಕು, ಅದನ್ನು ಯಾರು ಯಾವಾಗ ಪರಿಶೀಲಿಸಬೇಕು ಎಂದೂ ಕೇಳುತ್ತಾರೆ. ಪ್ರತಿ ಪಾಳಿಯ ಶುರುವಿನಲ್ಲಿ, ಸೀಲ್ ನೋಡಿ, ರಿಜಿಸ್ಟರ್‌ನಲ್ಲಿ ಸಹಿ ಮಾಡಿ ಎಂಬುದು ವಾರ್ಡ್ ಕಂಡವರ ಉತ್ತರ.

ಔಷಧದ ಲೆಕ್ಕ

ಲೆಕ್ಕಕ್ಕೆ ಬೇರೆಯಾಗಿಯೇ ಸಮಯ ಕೊಡಬೇಕು. ಲಿಖಿತ ಪರೀಕ್ಷೆಯಲ್ಲಿ ಹೆಚ್ಚು ಜನ ಅಂಕ ಬಿಡುವುದೂ, ವಾರ್ಡಿನಲ್ಲಿ ಸದ್ದಿಲ್ಲದೆ ಅನಾಹುತ ಆಗುವುದೂ ಇಲ್ಲಿಯೇ. 500 ಮಿ.ಲೀ. ಸಲೈನನ್ನು 6 ಗಂಟೆಯಲ್ಲಿ ಕೊಡಬೇಕು, ಸೆಟ್ಟಿನಲ್ಲಿ ಮಿ.ಲೀ.ಗೆ 20 ಹನಿ ಎಂದರೆ 500ನ್ನು 20ರಿಂದ ಗುಣಿಸಿ, 360 ನಿಮಿಷದಿಂದ ಭಾಗಿಸಿದರೆ 27.8, ಅಂದರೆ ನಿಮಿಷಕ್ಕೆ 28 ಹನಿ. ಮೈಕ್ರೋ ಸೆಟ್ಟಿಗೆ ಮಿ.ಲೀ.ಗೆ 60 ಹನಿ ಎಂಬುದು ಮರೆತರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ. ಮಕ್ಕಳ ವಿಭಾಗಕ್ಕೆ ಪ್ಯಾರಾಸಿಟಮಾಲ್ ಲೆಕ್ಕ ಸಾಮಾನ್ಯ. 10 ಕೆ.ಜಿ. ಮಗುವಿಗೆ ಪ್ರತಿ ಕೆ.ಜಿ.ಗೆ 15 ಮಿ.ಗ್ರಾಂನಂತೆ 150 ಮಿ.ಗ್ರಾಂ ಬೇಕು. ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂನದ್ದಾದರೆ 6 ಮಿ.ಲೀ., 250 ಮಿ.ಗ್ರಾಂನದ್ದಾದರೆ 3 ಮಿ.ಲೀ. ಎರಡೂ ಬಾಟಲಿಗಳು ಒಂದೇ ಕಪಾಟಿನಲ್ಲಿರುತ್ತವೆ. ಆದ್ದರಿಂದ ಬಾಟಲಿಯ ಮೇಲೆ ಬರೆದದ್ದನ್ನು ಓದುತ್ತೇನೆ ಎಂಬ ಮಾತೂ ಉತ್ತರದೊಳಗೆ ಸೇರಬೇಕು.

ಇನ್ಸುಲಿನ್ ಪ್ರಶ್ನೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಭಾರತದಲ್ಲಿ ಇನ್ಸುಲಿನ್ ವಯಲ್‌ಗಳು ಮಿ.ಲೀ.ಗೆ 40 ಯೂನಿಟ್ಟಿನವೂ ಇವೆ, 100 ಯೂನಿಟ್ಟಿನವೂ ಇವೆ. ಸಿರಿಂಜ್‌ಗಳೂ ಎರಡು ಬಗೆ. 40ರದ್ದಕ್ಕೆ ಕೆಂಪು ಕ್ಯಾಪ್, 100ರದ್ದಕ್ಕೆ ಕಿತ್ತಳೆ. 12 ಯೂನಿಟ್ ಬರೆದಿದ್ದಾರೆ ಎನ್ನೋಣ. 40ರ ಇನ್ಸುಲಿನನ್ನು ಕಿತ್ತಳೆ ಸಿರಿಂಜಿನಲ್ಲಿ 12ರ ಗೆರೆಗೆ ಎಳೆದರೆ ರೋಗಿಗೆ ಹೋಗುವುದು 4.8 ಯೂನಿಟ್; ಸಕ್ಕರೆ ಇಳಿಯುವುದಿಲ್ಲ. 100ರ ಇನ್ಸುಲಿನನ್ನು ಕೆಂಪು ಸಿರಿಂಜಿನಲ್ಲಿ 12ರ ಗೆರೆಗೆ ಎಳೆದರೆ ಹೋಗುವುದು 30 ಯೂನಿಟ್. ರೋಗಿ ನಡುರಾತ್ರಿ ಬೆವರಿ ಪ್ರಜ್ಞೆ ತಪ್ಪಬಹುದು. ಈ ಲೆಕ್ಕವನ್ನು ಬಿಡಿಸಿ ಹೇಳಬಲ್ಲ ಅಭ್ಯರ್ಥಿಗೆ ಔಷಧದ ಬೇರೆ ಪ್ರಶ್ನೆ ಕೇಳುವ ಅಗತ್ಯವೇ ಸೂಪರಿಂಟೆಂಡೆಂಟರಿಗೆ ಕಾಣಲಿಕ್ಕಿಲ್ಲ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಇವೆಲ್ಲ ಹೈ ಅಲರ್ಟ್ ಔಷಧಗಳು; ಇನ್ನೊಬ್ಬ ನರ್ಸ್ ಕಣ್ಣಾರೆ ನೋಡಿ ಖಚಿತಪಡಿಸಿದ ಮೇಲೆ ಕೊಡಬೇಕು. ಪೊಟ್ಯಾಸಿಯಂ ಕ್ಲೋರೈಡನ್ನು ಯಾವ ಕಾರಣಕ್ಕೂ ದ್ರವದಲ್ಲಿ ಬೆರೆಸದೆ ನೇರವಾಗಿ ನರಕ್ಕೆ ಚುಚ್ಚಬಾರದು.

ರೋಗಿಯನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ಬೆಡ್ ನಂಬರ್ ಎಂದರೆ ಉತ್ತರ ತಪ್ಪು. ಪೂರ್ತಿ ಹೆಸರು ಮತ್ತು ಆಸ್ಪತ್ರೆಯ ನೋಂದಣಿ ಸಂಖ್ಯೆ, ಹೀಗೆ ಎರಡು ಗುರುತು ಬೇಕು. ‘ನೀವು ಲಕ್ಷ್ಮಮ್ಮ ಅಲ್ವಾ?’ ಎಂದು ಕೇಳಿದರೆ ಕಿವಿ ಮಂದವಾದ ಅಜ್ಜಿ ಯಾವ ಹೆಸರಿಗೂ ಹೂಂಗುಟ್ಟುತ್ತಾರೆ. ‘ಅಮ್ಮಾ, ನಿಮ್ಮ ಹೆಸರು ಹೇಳಿ’ ಎಂದು ಕೇಳಿ, ಕೈಪಟ್ಟಿಯೊಂದಿಗೆ ತಾಳೆ ನೋಡಬೇಕು. ರಕ್ತ ಕೊಡುವಾಗ ಇದನ್ನು ಇಬ್ಬರು ಸೇರಿ ಮಾಡಬೇಕು. ಮೊದಲ 15 ನಿಮಿಷ ರೋಗಿಯ ಪಕ್ಕದಲ್ಲೇ ಇರಬೇಕು, ನಾಲ್ಕು ಗಂಟೆಯೊಳಗೆ ಚೀಲ ಮುಗಿಯಬೇಕು. ಚಳಿ, ದದ್ದು, ಬೆನ್ನುನೋವು ಕಂಡರೆ ಮೊದಲು ಮಾಡಬೇಕಾದದ್ದು ರಕ್ತ ನಿಲ್ಲಿಸುವುದು. ವೈದ್ಯರಿಗೆ ಫೋನ್ ಮಾಡುವುದು ಅದರ ನಂತರ. ಉತ್ತರದಲ್ಲಿ ಈ ಕ್ರಮ ಹಿಂದುಮುಂದಾದರೆ ಸಂದರ್ಶನ ಮಂಡಳಿ ಗಮನಿಸುತ್ತದೆ.

ಸನ್ನಿವೇಶದ ಪ್ರಶ್ನೆ

ಸಂದರ್ಶನದ ಗಟ್ಟಿ ಭಾಗ ಇದು. ‘ಹೀಗಾಯಿತು, ಏನು ಮಾಡುತ್ತೀರಿ?’ ಎಂದು ಕೇಳುತ್ತಾರೆ. ಪುಸ್ತಕದ ವ್ಯಾಖ್ಯೆ ಇಲ್ಲಿ ಸಲ್ಲದು. ಕೈ ಮೊದಲು ಎಲ್ಲಿಗೆ ಹೋಗುತ್ತದೆ, ಆಮೇಲೆ ಎಲ್ಲಿಗೆ ಎಂಬ ಕ್ರಮ ಬೇಕು. ಹೆರಿಗೆ ವಾರ್ಡಿನ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. ರಾತ್ರಿ ಎರಡು ಗಂಟೆ. ಸಹಜ ಹೆರಿಗೆಯಾಗಿ ಎರಡು ಗಂಟೆಯಾದ ಬಾಣಂತಿ ತಲೆ ಸುತ್ತುತ್ತದೆ ಎನ್ನುತ್ತಾರೆ. ಪ್ಯಾಡ್ ಪೂರ್ತಿ ನೆನೆದಿದೆ. ಬಿಪಿ 90/60, ನಾಡಿ 124. ವೈದ್ಯರು ಕ್ವಾರ್ಟರ್ಸ್‌ನಲ್ಲಿದ್ದಾರೆ.

‘ಡಾಕ್ಟರಿಗೆ ತಿಳಿಸುತ್ತೇನೆ’ ಎಂಬ ಒಂದೇ ಮಾತಿನ ಉತ್ತರ ತಪ್ಪಲ್ಲ, ಆದರೆ ವೈದ್ಯರು ಬರುವ ತನಕದ ನಿಮಿಷಗಳಲ್ಲಿ ಏನಾಯಿತು ಎಂಬುದನ್ನು ಅದು ಹೇಳುವುದಿಲ್ಲ. ಒಳ್ಳೆಯ ಉತ್ತರ ಹೀಗೆ ಸಾಗುತ್ತದೆ: ರೋಗಿಯನ್ನು ಬಿಟ್ಟು ಕದಲದೆ ಸಹಾಯಕ್ಕೆ ಕೂಗಿ, ಒಬ್ಬರಿಗೆ ವೈದ್ಯರನ್ನು ಕರೆಯಲು ಹೇಳುವುದು. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ ನೋಡುವುದು, ಮೆತ್ತಗಿದ್ದರೆ ಮಸಾಜ್ ಶುರು ಮಾಡುವುದು. ಮೂತ್ರಕೋಶ ತುಂಬಿದ್ದರೆ ಖಾಲಿ ಮಾಡಿಸುವುದು, ಏಕೆಂದರೆ ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಕುಗ್ಗಲು ಬಿಡುವುದಿಲ್ಲ. ದಪ್ಪ ಕ್ಯಾನುಲಾ ಎರಡು ಹಾಕಿ, ಅಲ್ಲೇ ಕ್ರಾಸ್ ಮ್ಯಾಚ್‌ಗೆ ರಕ್ತದ ಮಾದರಿ ತೆಗೆದುಕೊಂಡು ದ್ರವ ಹರಿಸುವುದು. ಆಕ್ಸಿಜನ್, ಬೆಚ್ಚಗಿನ ಹೊದಿಕೆ, ಆಸ್ಪತ್ರೆಯ ಪ್ರೋಟೋಕಾಲ್ ಅಥವಾ ವೈದ್ಯರ ಆದೇಶದಂತೆ ಆಕ್ಸಿಟೋಸಿನ್. ನೆನೆದ ಪ್ಯಾಡ್‌ಗಳನ್ನು ಎಸೆಯದೆ ತೂಗುವುದು; ಹೆಚ್ಚಿದ ಒಂದು ಗ್ರಾಂ ತೂಕ ಸುಮಾರು ಒಂದು ಮಿ.ಲೀ. ರಕ್ತಕ್ಕೆ ಸಮ. ಪ್ರತಿಯೊಂದಕ್ಕೂ ಸಮಯ ಬರೆದಿಡುವುದು. ಈ ನಡುವೆ ಆ ತಾಯಿಯ ಜೊತೆ ಮಾತಾಡುತ್ತಲೇ ಇರುವುದು, ಹೊರಗೆ ನಿಂತ ಅವರ ಅಮ್ಮನಿಗೋ ಗಂಡನಿಗೋ ಒಬ್ಬರು ಹೋಗಿ ವಿಷಯ ತಿಳಿಸುವುದು.

ವೈದ್ಯರಿಗೆ ಫೋನಿನಲ್ಲಿ ಏನು ಹೇಳುತ್ತೀರಿ ಎಂದು ಮಂಡಳಿ ಮುಂದುವರಿಸಬಹುದು. ಇದಕ್ಕೆ ಎಸ್‌ಬಿಎಆರ್ ಎಂಬ ಕ್ರಮ ಈಗ ಹಲವೆಡೆ ಬಳಕೆಯಲ್ಲಿದೆ: ಈಗ ಆಗಿರುವುದು, ಅದರ ಹಿನ್ನೆಲೆ, ತಾನು ಕಂಡದ್ದು, ತನಗೆ ಬೇಕಾದದ್ದು. ಮಾತಿಗೆ ಇಳಿಸಿದರೆ ಹೀಗಿರುತ್ತದೆ:

‘ಮೇಡಂ, ಪೋಸ್ಟ್‌ನೇಟಲ್ ವಾರ್ಡಿಂದ ಸ್ಟಾಫ್ ನರ್ಸ್ ಮಾತಾಡ್ತಿದ್ದೀನಿ. ಈಗಷ್ಟೇ ಶಿಫ್ಟ್ ಆದ ಪೇಷಂಟ್‌ಗೆ ಬ್ಲೀಡಿಂಗ್ ಜಾಸ್ತಿ ಆಗ್ತಿದೆ. ಹನ್ನೆರಡು ಗಂಟೆಗೆ ನಾರ್ಮಲ್ ಡೆಲಿವರಿ, ಎರಡನೇ ಮಗು, ಅಡ್ಮಿಷನ್ ಹಿಮೊಗ್ಲೋಬಿನ್ ಒಂಬತ್ತು. ಈಗ ಬಿಪಿ 90/60, ಪಲ್ಸ್ 124, ಯೂಟ್ರಸ್ ಮೆತ್ತಗಿದೆ, ಎರಡು ಪ್ಯಾಡ್ ನೆಂದಿದೆ. ಮಸಾಜ್ ಮಾಡ್ತಿದ್ದೀವಿ, ಎರಡು ಲೈನ್ ಹಾಕಿದೀವಿ, ಸ್ಯಾಂಪಲ್ ತೆಗೆದಿದೀವಿ. ನೀವು ಈಗಲೇ ಬರಬೇಕು ಮೇಡಂ. ಬರೋ ತನಕ ಆಕ್ಸಿಟೋಸಿನ್ ಎಷ್ಟು ಕೊಡಲಿ, ಬ್ಲಡ್ ಎಷ್ಟು ಯೂನಿಟ್‌ಗೆ ಕಳಿಸಲಿ?’

ಓದಲು ಅರ್ಧ ನಿಮಿಷವೂ ಬೇಡ. ಫೋನಿನಲ್ಲಿ ಬಂದ ಆದೇಶವನ್ನು ಬರೆದುಕೊಂಡು, ಮತ್ತೆ ಓದಿ ಹೇಳಿ, ಆಮೇಲೆ ವೈದ್ಯರ ಸಹಿ ಪಡೆಯಬೇಕು ಎಂಬುದನ್ನೂ ಸೇರಿಸಿದರೆ ಉತ್ತರ ಪೂರ್ತಿಯಾಗುತ್ತದೆ. ಇಂಥ ಐದಾರು ಸನ್ನಿವೇಶಗಳನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಬೇಕು: ಎದೆನೋವು, ಉಸಿರಾಟದ ತೊಂದರೆ, ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದ್ದು, ಮಂಚದಿಂದ ಬಿದ್ದದ್ದು, ಫಿಟ್ಸ್. ಮನಸ್ಸಿನಲ್ಲಿ ಓದಿಕೊಂಡದ್ದು ಮಂಡಳಿಯ ಮುಂದೆ ನಾಲಿಗೆಗೆ ಬರುವುದಿಲ್ಲ. ಹಾಸ್ಟೆಲಿನ ಗೆಳತಿ ಪ್ರಶ್ನೆ ಕೇಳಲಿ, ಅಭ್ಯರ್ಥಿ ನಿಂತುಕೊಂಡು ಹೇಳಲಿ. ಇದಕ್ಕಿಂತ ಒಳ್ಳೆಯ ತರಬೇತಿ ಯಾವ ಕೋಚಿಂಗ್ ಕೇಂದ್ರದಲ್ಲೂ ಸಿಗದು.

ತಪ್ಪಿನ ಬಗೆಗಿನ ಪ್ರಶ್ನೆಯೂ ಬರುತ್ತದೆ: ಬೇರೆ ರೋಗಿಯ ಇಂಜೆಕ್ಷನ್ ಕೊಟ್ಟುಬಿಟ್ಟಿರಿ, ಯಾರೂ ನೋಡಿಲ್ಲ, ಮುಂದೇನು? ಮೊದಲು ರೋಗಿಯನ್ನು ನೋಡುವುದು, ವೈಟಲ್ಸ್ ತೆಗೆಯುವುದು, ವೈದ್ಯರಿಗೂ ಇನ್‌ಚಾರ್ಜ್‌ಗೂ ತಿಳಿಸುವುದು, ದಾಖಲಿಸುವುದು, ಇನ್ಸಿಡೆಂಟ್ ವರದಿ ಬರೆಯುವುದು. ‘ನನ್ನಿಂದ ಅಂಥ ತಪ್ಪು ಆಗುವುದೇ ಇಲ್ಲ’ ಎನ್ನುವವರನ್ನು ಅನುಭವಸ್ಥ ಸೂಪರಿಂಟೆಂಡೆಂಟರು ನಂಬುವುದಿಲ್ಲ. ಮುಚ್ಚಿಟ್ಟ ತಪ್ಪು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಅವರು ಕಂಡಿರುತ್ತಾರೆ.

ಕಾನೂನಿಗೆ ಸಂಬಂಧಿಸಿದ ಕೆಲವನ್ನೂ ತಿಳಿದಿರಬೇಕು. ಹೆರಿಗೆಗೆ ಬಂದವಳು 18 ತುಂಬದ ಹುಡುಗಿಯಾದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ಮಾಹಿತಿ ಹೋಗಲೇಬೇಕು. ಮನೆಯವರು ಎಷ್ಟೇ ಬೇಡಿಕೊಂಡರೂ ಅದನ್ನು ಮುಚ್ಚಿಡುವಂತಿಲ್ಲ, ಹಾಗೆಂದು ಆ ಹುಡುಗಿಯ ವಿಷಯ ವಾರ್ಡಿನಲ್ಲಿ ಮಾತಾಗಲೂಬಾರದು. ಅಪಘಾತ, ವಿಷ ಸೇವನೆ, ಸುಟ್ಟಗಾಯಗಳು ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣಗಳು. ರೋಗಿಯ ಕಡೆಯವರು ರೇಗಾಡಿ ಕೈ ಎತ್ತಿದರೆ ಏನು ಎಂಬ ಪ್ರಶ್ನೆಗೆ, ದನಿ ಏರಿಸದೆ ಮಾತಾಡುವುದು, ಸೆಕ್ಯುರಿಟಿಗೂ ಮೇಲಿನವರಿಗೂ ತಿಳಿಸುವುದು ಮೊದಲ ಉತ್ತರ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ ಎಂಬುದು ಅದಕ್ಕೆ ಬೆಂಬಲ.

ವಿಭಾಗದ ಪ್ರಶ್ನೆಗಳು ಅರ್ಜಿಯನ್ನು ಅವಲಂಬಿಸಿವೆ. ಐಸಿಯುಗೆ ವೆಂಟಿಲೇಟರ್ ರೋಗಿಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರಿಸುವುದು, ಬಾಯಿಯ ಶುಚಿ, ಸಕ್ಷನ್. ಒಟಿಗೆ ಗಾಜ್ ಮತ್ತು ಉಪಕರಣಗಳ ಎಣಿಕೆ, ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯ ಮೂರು ಹಂತಗಳು. ಡಯಾಲಿಸಿಸ್‌ಗೆ ಫಿಸ್ಟುಲಾ ಇರುವ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು. ಲೇಬರ್ ರೂಮಿಗೆ ಮ್ಯಾಗ್ನೀಷಿಯಂ ಸಲ್ಫೇಟ್ ಕೊಡುವಾಗ ಮೊಣಕಾಲಿನ ರಿಫ್ಲೆಕ್ಸ್, ಉಸಿರು, ಮೂತ್ರ ಮೂರನ್ನೂ ನೋಡುವುದು, ಕ್ಯಾಲ್ಸಿಯಂ ಗ್ಲುಕೊನೇಟ್ ಪಕ್ಕದಲ್ಲಿ ಇಟ್ಟುಕೊಳ್ಳುವುದು. ಮಾನಸಿಕ ಆರೋಗ್ಯದ ಆಸ್ಪತ್ರೆಗೆ 2017ರ ಕಾಯ್ದೆಯನ್ನು ಓದಿಕೊಂಡು ಹೋಗಬೇಕು.

ಮಾತು, ಭಾಷೆ, ಉಡುಪು

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನರ್ಸ್‌ಗಳು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಸಂದರ್ಶನಕ್ಕೆ ಹೆದರುವುದು ಇಂಗ್ಲಿಷಿಗೆ. ಔಷಧ, ಉಪಕರಣ, ರೋಗದ ಹೆಸರುಗಳು ಹೇಗೂ ಇಂಗ್ಲಿಷಿನವೇ, ಅವು ಅವರಿಗೆ ಬರುತ್ತವೆ. ತೊಡಕಾಗುವುದು ಅವನ್ನು ಜೋಡಿಸುವ ವಾಕ್ಯಗಳಲ್ಲಿ. ತನ್ನ ಪರಿಚಯವನ್ನು ಐದಾರು ಸರಳ ವಾಕ್ಯಗಳಲ್ಲಿ, ಸನ್ನಿವೇಶದ ಉತ್ತರಗಳನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ರೂಢಿ ಮಾಡಿಕೊಂಡರೆ ಸಾಕು. ವೀಡಿಯೊ ನೋಡಿ ಬಾಯಿಪಾಠ ಮಾಡಿದ ಪರಿಚಯ ಎರಡನೇ ವಾಕ್ಯಕ್ಕೇ ಗುರುತು ಸಿಗುತ್ತದೆ. ಪದ ತೋಚದಿದ್ದಾಗ ‘ಇದನ್ನು ಕನ್ನಡದಲ್ಲಿ ಹೇಳಬಹುದೇ’ ಎಂದು ಕೇಳಿ ಸರಿಯಾದ ಉತ್ತರ ಕೊಡುವುದು, ಇಂಗ್ಲಿಷಿನಲ್ಲಿ ಅರ್ಧಕ್ಕೆ ನಿಲ್ಲುವುದಕ್ಕಿಂತ ಮೇಲು. ಅಷ್ಟೇ ಅಲ್ಲ, ಕನ್ನಡ ಇಲ್ಲಿ ಒಂದು ಅರ್ಹತೆ. ಕರ್ನಾಟಕದ ಆಸ್ಪತ್ರೆಗಳಲ್ಲಿ ಬೇರೆ ರಾಜ್ಯಗಳ ನರ್ಸ್‌ಗಳು ಬಹಳ ಮಂದಿ ಇದ್ದಾರೆ, ಶ್ರದ್ಧೆಯಿಂದ ದುಡಿಯುತ್ತಾರೆ. ಆದರೆ ಕಲಬುರಗಿಯ ಹಳ್ಳಿಯಿಂದ ಬಂದ ಅಜ್ಜ ‘ಎದ್ಯಾಗ ಹಿಡಕೊಂಡಂಗ ಆಗೈತಿ’ ಎಂದಾಗ ಕೂಡಲೇ ಇಸಿಜಿಗೆ ಓಡಬೇಕೆಂದು ತಿಳಿಯುವ ಕಿವಿ ಪ್ರತಿ ವಾರ್ಡಿಗೂ ಬೇಕು. ಸ್ವಲ್ಪ ತೆಲುಗು, ತಮಿಳು, ಉರ್ದು ಬರುವುದಾದರೆ ಅದನ್ನೂ ಬಯೋಡೇಟಾದಲ್ಲಿ ಬರೆಯಬೇಕು.

ಗೊತ್ತಿಲ್ಲದ ಪ್ರಶ್ನೆಗೆ ‘ಗೊತ್ತಿಲ್ಲ, ಸೀನಿಯರ್ ಸಿಸ್ಟರನ್ನು ಕೇಳಿ, ಪ್ರೋಟೋಕಾಲ್ ನೋಡಿ ಮಾಡುತ್ತೇನೆ’ ಎಂಬುದು ಗೌರವದ ಉತ್ತರ. ಊಹಿಸಿ ಔಷಧದ ಪ್ರಮಾಣ ಹೇಳುವುದು ವಾರ್ಡಿನಲ್ಲೂ ಹಾಗೆಯೇ ಮಾಡುವ ಸೂಚನೆ ಎಂದು ಮಂಡಳಿ ಎಣಿಸುತ್ತದೆ.

ಹಿಂದಿನ ಕೆಲಸ ಏಕೆ ಬಿಟ್ಟಿರಿ, ಎಷ್ಟು ವರ್ಷ ಇಲ್ಲಿರುತ್ತೀರಿ, ರಾತ್ರಿ ಪಾಳಿ ಆಗುತ್ತದೆಯೇ ಎಂಬ ಪ್ರಶ್ನೆಗಳಿಗೆ ನಿಜವನ್ನೇ ಚುಟುಕಾಗಿ ಹೇಳಬೇಕು. ಹಿಂದಿನ ಆಸ್ಪತ್ರೆಯನ್ನು ದೂರಬಾರದು. ಹೆಣ್ಣುಮಕ್ಕಳಿಗೆ ಮದುವೆಯ ವಿಚಾರ ಕೇಳುವ ಪರಿಪಾಠ ಇನ್ನೂ ಇದೆ. ಕೇಳಬಾರದ ಪ್ರಶ್ನೆ ಅದು. ‘ಪಾಳಿಯ ಕೆಲಸಕ್ಕೆ ನನ್ನಿಂದ ತೊಂದರೆಯಾಗದು’ ಎಂದಷ್ಟೇ ಹೇಳಿ ಮುಂದಿನ ಮಾತಿಗೆ ಸಾಗಬಹುದು.

ಉಡುಪು ಶುಭ್ರವಾಗಿ, ಇಸ್ತ್ರಿಯಾಗಿರಲಿ. ಸೀರೆ, ಚೂಡಿದಾರ, ಪ್ಯಾಂಟು ಶರ್ಟು ಯಾವುದಾದರೂ ಸರಿ. ಕೂದಲು ಕಟ್ಟಿರಬೇಕು. ಉಗುರು ಕತ್ತರಿಸಿ, ಬಣ್ಣವಿಲ್ಲದೆ, ಉಂಗುರ ಬಳೆಗಳಿಲ್ಲದ ಕೈ ಇರಬೇಕು. ಕೈ ಶುಚಿಯ ಐದು ಸಂದರ್ಭ ಹೇಳುವ ಅಭ್ಯರ್ಥಿಯ ಉಗುರನ್ನು ಸೋಂಕು ನಿಯಂತ್ರಣದ ನರ್ಸ್ ನೋಡಿಯೇ ನೋಡುತ್ತಾರೆ.

ಅಭ್ಯರ್ಥಿ ಕೇಳಬೇಕಾದದ್ದು

ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯೇ?’ ಎಂದಾಗ ಸುಮ್ಮನೆ ತಲೆಯಾಡಿಸಬಾರದು. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು, ಹೊಸಬರಿಗೆ ತರಬೇತಿ ಎಷ್ಟು ದಿನ, ಮೊದಲ ವಾರಗಳಲ್ಲಿ ಜೊತೆಗೆ ಸೀನಿಯರ್ ಇರುತ್ತಾರೆಯೇ ಎಂದು ಕೇಳಬೇಕು. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಎಂಬುದು ಒಪ್ಪಿತ ಮಾನದಂಡ. ಅಲ್ಲಿ ಅದು ಪಾಲನೆಯಾಗುತ್ತದೆಯೇ ಎಂಬ ಪ್ರಶ್ನೆ ಉದ್ಧಟತನವಾಗದು.

ಸಂಬಳದ ಮಾತು ಬಂದಾಗ ಸಿಟಿಸಿ ಎಷ್ಟು, ಪಿಎಫ್, ಇಎಸ್‌ಐ, ಹಾಸ್ಟೆಲ್, ಊಟ ಕಳೆದು ಕೈಗೆ ಎಷ್ಟು ಎಂದು ಬಿಡಿಸಿ ಕೇಳಬೇಕು. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನದ ಬಗ್ಗೆ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೊಟ್ಟ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿ ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ಆಯಾ ರಾಜ್ಯದ ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯವೂ ತಿಂಗಳಿಗೆ 20,000 ರೂಪಾಯಿಗಿಂತ ಇಳಿಸಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಎಷ್ಟೋ ಕಡೆ ವಾಸ್ತವ ಇದಕ್ಕಿಂತ ಬಹಳ ಕೆಳಗಿದೆ. ಆದರೂ ಈ ಅಂಕಿ ತಿಳಿದವರು ಮಾತಾಡುವಾಗ ಕುಗ್ಗಬೇಕಿಲ್ಲ.

ಆಫರ್ ಲೆಟರ್ ಬಂದ ಮೇಲೆ ಸಹಿ ಹಾಕುವ ಮುನ್ನ ಬಾಂಡ್ ಇದೆಯೇ, ನೋಟಿಸ್ ಅವಧಿ ಎಷ್ಟು, ಮಧ್ಯೆ ಬಿಟ್ಟರೆ ಕಟ್ಟಬೇಕಾದ ಹಣ ಎಷ್ಟು ಎಂಬುದನ್ನು ಓದಬೇಕು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆ ಕೆಲಸಕ್ಕೆ ಸೇರದಿರುವುದೇ ಕ್ಷೇಮ. ಅನಿವಾರ್ಯವಾಗಿ ಕೊಡಬೇಕಾಗಿ ಬಂದರೆ ಲಿಖಿತ ಸ್ವೀಕೃತಿ ಇಲ್ಲದೆ ಕೊಡಬಾರದು.

ಸೇರುವ ಮೊದಲು ವೈದ್ಯಕೀಯ ತಪಾಸಣೆ ಇರುತ್ತದೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳು ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂಬ ಲೆಕ್ಕದಲ್ಲಿ ಬರುವುದರಿಂದ ಅದನ್ನು ಕೊನೆಯ ಗಳಿಗೆಯಲ್ಲಿ ಮುಗಿಸಲಾಗದು, ಓದುವಾಗಲೇ ಹಾಕಿಸಿಕೊಂಡಿರಬೇಕು. ಲಸಿಕೆ ಮುಗಿದು ಒಂದೆರಡು ತಿಂಗಳ ನಂತರ ಮಾಡಿಸಿದ ಟೈಟರ್ ಪರೀಕ್ಷೆಯಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ ಎಂದರ್ಥ. ಆ ವರದಿಯ ಪ್ರತಿಯೂ ನೋಂದಣಿ ಪತ್ರದ ಜೊತೆ ಫೈಲಿನಲ್ಲಿರಬೇಕು.